ನೋಯದ ಹುಣ್ಣು

2024 ಜೂನ್ 5, ಬುಧವಾರ

ಇವತ್ತು ಆಸ್ಪತ್ರೆಯಲ್ಲಿ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್. ಬೆಳಗ್ಗೆ ಒಂಬತ್ತಕ್ಕೇ ಕಾರಿಡಾರಿನ ತುಂಬ ಶುಗರ್, ಬಿ.ಪಿ.ಯವರು. ನನ್ನ ದಂತ ಚಿಕಿತ್ಸೆಯ ಕೋಣೆ ಅದೇ ಕಾರಿಡಾರಿನ ಕೊನೆಯಲ್ಲಿದ್ದರೂ ಅಲ್ಲಿಂದ ಇಲ್ಲಿಗೆ ಯಾರೂ ಬರುವುದಿಲ್ಲ. ಇವತ್ತು ಒಬ್ಬಾಕೆ ಬಂದರು, ತಾವಾಗಿಯೇ. ಬಸ್ ಸ್ಟ್ಯಾಂಡ್ ಎದುರು ಹೂವು ಕಟ್ಟಿ ಮಾರುವವರು, ವಯಸ್ಸು ಐವತ್ತೆರಡು.

"ಹಲ್ಲಲ್ಲಿ ದಾರ ಕಡಿಯಕ್ಕಾಗ್ತಿಲ್ಲ ಡಾಕ್ಟ್ರಮ್ಮ. ಮುಂದ್ಲ ಹಲ್ಲು ಅಲ್ಲಾಡ್ತವೆ. ನೋವೇನಿಲ್ಲ."

ಬಾಯಿ ತೆರೆಸಿ ನೋಡಿದೆ. ಹುಳುಕು ಒಂದೂ ಇಲ್ಲ. ಮೂವತ್ತು ವರ್ಷದವರಿಗೂ ಇಷ್ಟು ಗಟ್ಟಿಯಾದ ಹಲ್ಲುಗಳಿರುವುದಿಲ್ಲ. ಆದರೆ ವಸಡು ಊದಿ ಕಪ್ಪುಗೆಂಪಾಗಿ ಹೊಳೆಯುತ್ತಿತ್ತು. ಕೆಳಗಿನ ಮುಂಬಲ್ಲುಗಳ ಹಿಂದೆ ಗಟ್ಟಿ ಕಿಟ್ಟ, ಹಲ್ಲಿನಿಂದ ಹಲ್ಲಿಗೆ ಸೇತುವೆ ಕಟ್ಟಿಕೊಂಡು ಕೂತಿತ್ತು. ಬೆರಳಿನಿಂದ ಒತ್ತಿದರೆ ಅಂಚಿನಲ್ಲಿ ಕೀವು. ವಸಡಿನ ಸಂದಿನ ಆಳ ಅಳೆಯುವ ಪ್ರೋಬ್ ಇಳಿಸಿ ಅಂಕಿ ಹೇಳುತ್ತಾ ಹೋದೆ, ಸಿಸ್ಟರ್ ಬರೆದುಕೊಂಡರು: ಏಳು, ಆರು, ಎಂಟು, ಏಳು. ಆರೋಗ್ಯವಂತ ವಸಡಿನಲ್ಲಿ ಪ್ರೋಬ್ ಮೂರು ಮಿಲಿಮೀಟರಿಗಿಂತ ಆಳಕ್ಕೆ ಹೋಗಬಾರದು.

"ಮೊದ್ಲು ರಕ್ತ ಬರ್ತಿತ್ತಾ?"

"ಬರ್ತಿತ್ತು. ಅದಕ್ಕೇ ಬ್ರಷ್ ಬಿಟ್ಟೆ. ಬೆರಳಲ್ಲೇ ಪುಡಿ ಹಾಕ್ಕೊಂಡು ಮೆತ್ತಗೆ ಉಜ್ತೀನಿ. ಆ ಕಡೆ ಮುಟ್ಟಕ್ಕೇ ಹೋಗಲ್ಲ."

ನಾನು ಕಂಡ ಎಷ್ಟೋ ಬಾಯಿಗಳ ಕಥೆ ಈ ಒಂದು ಮಾತಿನಲ್ಲೇ ಇದೆ. ಹಲ್ಲು ಮತ್ತು ವಸಡು ಸೇರುವ ಕಡೆ ಬ್ಯಾಕ್ಟೀರಿಯಾ ಪದರ ಕಟ್ಟಿಕೊಂಡಿರುವುದರಿಂದಲೇ ರಕ್ತ ಬರುತ್ತದೆ. ರಕ್ತ ಕಂಡವರು ಆ ಜಾಗವನ್ನು ಮುಟ್ಟುವುದನ್ನೇ ಬಿಡುತ್ತಾರೆ, ಪದರ ದಪ್ಪವಾಗುತ್ತದೆ, ಜೊಲ್ಲಿನ ಸುಣ್ಣದಂಶ ಸೇರಿ ಕಲ್ಲಾಗುತ್ತದೆ. ಆಮೇಲೆ ಅದು ವಸಡಿನ ಕೆಳಗೆ ಇಳಿಯುತ್ತದೆ. ಅಲ್ಲಿ ಆಮ್ಲಜನಕ ಇಲ್ಲದೆ ಬದುಕುವ ಜಾತಿಯವು ನೆಲೆಯಾಗುತ್ತವೆ: ಪಾರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲ ಫೋರ್ಸಿಥಿಯ, ಟ್ರೆಪೊನೆಮ ಡೆಂಟಿಕೋಲ. ಅವುಗಳ ಮೇಲೆ ನಮ್ಮದೇ ದೇಹ ನಡೆಸುವ ಯುದ್ಧದಲ್ಲಿ ಹಲ್ಲು ಹಿಡಿದಿಟ್ಟಿರುವ ಎಲುಬು ಕರಗುತ್ತದೆ. ಇದೆಲ್ಲ ನಡೆಯುವಾಗ ನೋವೇ ಇರುವುದಿಲ್ಲ.

ಆಕೆಗೆ ಶುಗರ್ ಬಂದು ಏಳು ವರ್ಷ. ಕಣ್ಣು ತೋರಿಸಿ ಅಂದಿದ್ದಾರೆ, ಪಾದ ನೋಡಿಕೊಳ್ಳಿ ಅಂದಿದ್ದಾರೆ, ಬರಿಗಾಲಲ್ಲಿ ಓಡಾಡಬೇಡಿ ಅಂದಿದ್ದಾರೆ. ಬಾಯಿ ತೆಗೆಯಿರಿ ಎಂದು ಯಾರೂ ಅಂದಿಲ್ಲ. ಬಾಯಿ ತುಂಬ ಇಂಥ ಆಳದ ಸಂದುಗಳಿದ್ದರೆ, ಅವುಗಳ ಒಳಗೋಡೆಯ ಹುಣ್ಣನ್ನೆಲ್ಲ ಬಿಡಿಸಿ ಹಾಸಿದಾಗ ಹಲವು ಚದರ ಸೆಂಟಿಮೀಟರ್ ಆಗುತ್ತದೆ. ಅಷ್ಟು ದೊಡ್ಡ ಕೀವಿನ ಹುಣ್ಣು ಅದೇ ಆಕೆಯ ಪಾದದಲ್ಲಿ ಇದ್ದಿದ್ದರೆ ಮಗ ಕೆಲಸ ಬಿಟ್ಟು ಕರೆದುಕೊಂಡು ಬರುತ್ತಿದ್ದ, ಫಿಜಿಷಿಯನ್ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಬರೆಯುತ್ತಿದ್ದರು.

ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್ ಶೇ. 9.2. ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಜೂನ್ 6

ರಾತ್ರಿ ಅಮ್ಮನ ನೆನಪಾಯಿತು. ಅಮ್ಮ ನಲವತ್ತೈದು ದಾಟುವ ಹೊತ್ತಿಗೆ ಒಂದೊಂದೇ ಹಲ್ಲು ತಾನಾಗಿ ಸಡಿಲವಾಗಿ ಕೈಗೆ ಬಂತು. ಆ ಹಲ್ಲುಗಳಲ್ಲೂ ಹುಳುಕಿರಲಿಲ್ಲ. "ವಯಸ್ಸಾಯ್ತಲ್ಲೇ, ಹೋಗ್ತವೆ" ಅನ್ನುತ್ತಿದ್ದರು. ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದೆವು. ಕಡಲೆಕಾಯಿ ತಿನ್ನುವುದನ್ನು ಬಿಟ್ಟರು, ಚಕ್ಕುಲಿ ಬಿಟ್ಟರು, ನಗುವಾಗ ಸೆರಗು ಅಡ್ಡ ಹಿಡಿಯುವುದನ್ನು ಕಲಿತರು. ನಾನು ಆಗ ಹೈಸ್ಕೂಲು. ಅದು ವಯಸ್ಸಿನ ಕೆಲಸವಲ್ಲ, ರೋಗ ಎಂದು ಗೊತ್ತಾಗಿದ್ದು ದಂತವೈದ್ಯಕೀಯ ಮೂರನೇ ವರ್ಷದಲ್ಲಿ ಪೆರಿಯೊ (ವಸಡಿನ ರೋಗಗಳ) ತರಗತಿಯಲ್ಲಿ ಕೂತಾಗ. ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ರೋಗಿಯ ಕುರ್ಚಿಯ ಮುಂದೆ ನಿಲ್ಲಲು ನನಗೆ ಅದೇ ಸಾಕು.

ಜೂನ್ 11, ಮಂಗಳವಾರ

ಆಶಾ ಕಾರ್ಯಕರ್ತೆಯರ ತಿಂಗಳ ಸಭೆಯಲ್ಲಿ ನನಗೂ ಹತ್ತು ನಿಮಿಷ ಕೊಟ್ಟರು, ಅದು ಮುಕ್ಕಾಲು ಗಂಟೆಯಾಯಿತು. ಎದುರು ಕೂತವರೊಬ್ಬರು ಕೇಳಿದ್ದು ಮೊದಲ ಪ್ರಶ್ನೆ: "ವಸಡಲ್ಲಿ ರಕ್ತ ಬಂದ್ರೆ ಬ್ರಷ್ ಮಾಡೋದು ನಿಲ್ಲಿಸ್ಬೇಕಲ್ವಾ ಮೇಡಂ?" ಉಳಿದವರೂ ಹೌದೆಂಬಂತೆ ತಲೆಯಾಡಿಸಿದರು.

1965ರಲ್ಲಿ ಡೆನ್ಮಾರ್ಕಿನ ಆರ್ಹೂಸಿನಲ್ಲಿ ಹಾರಲ್ಡ್ ಲೋ ಮತ್ತು ಜೊತೆಗಾರರು ಮಾಡಿದ ಪ್ರಯೋಗವನ್ನೇ ಹೇಳಿದೆ. ಆರೋಗ್ಯವಾದ ವಸಡಿನ ಹನ್ನೆರಡು ಜನಕ್ಕೆ ಹಲ್ಲುಜ್ಜುವುದನ್ನು ನಿಲ್ಲಿಸಿ ಎಂದರು. ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ಹನ್ನೆರಡೂ ಜನರ ವಸಡು ಕೆಂಪಾಗಿ ಊದಿತು. ಮತ್ತೆ ಉಜ್ಜಲು ಶುರುಮಾಡಿಸಿದರು, ಸುಮಾರು ಒಂದು ವಾರದಲ್ಲಿ ಎಲ್ಲ ಸರಿಹೋಯಿತು. ಔಷಧ, ಇಂಜೆಕ್ಷನ್ ಯಾವುದೂ ಇಲ್ಲದೆ. ಎಲುಬಿಗೆ ಇಳಿಯುವ ಮುಂಚೆ ಈ ರೋಗ ಹಿಂದಿರುಗಿ ಹೋಗುತ್ತದೆ, ಎಲುಬು ಒಮ್ಮೆ ಕರಗಿದರೆ ತಾನಾಗಿ ಮತ್ತೆ ಬೆಳೆಯುವುದಿಲ್ಲ.

ರಕ್ತ ಬರುವ ಕಡೆಯೇ ಮೆತ್ತನೆ ಬ್ರಷ್ಷನ್ನು ಓರೆಯಾಗಿ, ಎಳೆಗಳು ವಸಡಿನ ಅಂಚಿಗೆ ತಾಗುವಂತೆ ಹಿಡಿದು, ಸಣ್ಣಗೆ ಅಲುಗಿಸಬೇಕು. ಮೊದಲ ಕೆಲವು ದಿನ ರಕ್ತ ಹೆಚ್ಚೇ ಕಾಣಬಹುದು, ಆಮೇಲೆ ನಿಲ್ಲುತ್ತದೆ. ಎರಡು ವಾರ ಕಳೆದರೂ ನಿಲ್ಲದಿದ್ದರೆ ಕೆಳಗೆ ಕಿಟ್ಟ ಇದೆ ಎಂದು ಅರ್ಥ, ನನ್ನ ಹತ್ತಿರ ಕಳಿಸಿ. ಒಬ್ಬರು ಕೇಳಿದರು, ಬೀಡಿ ಸೇದುವ ತಮ್ಮ ಗಂಡನಿಗೆ ರಕ್ತವೇ ಬರುವುದಿಲ್ಲವಲ್ಲ ಎಂದು. ಒಳ್ಳೆಯ ಪ್ರಶ್ನೆ. ಹೊಗೆಸೊಪ್ಪು ವಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಒಳಗೆ ಎಲುಬು ಕರಗುತ್ತಿದ್ದರೂ ಹೊರಗೆ ರಕ್ತ ಕಾಣುವುದಿಲ್ಲ. ಅವರನ್ನು ಮೊದಲು ಕರೆದುಕೊಂಡು ಬನ್ನಿ ಅಂದೆ.

ಗರ್ಭಿಣಿಯರ ವಿಷಯವನ್ನೂ ಹೇಳಿದೆ. ಬಸಿರಿನಲ್ಲಿ ಹಾರ್ಮೋನು ಏರಿ ವಸಡು ಬೇಗ ಊದುತ್ತದೆ. ನಾಲ್ಕರಿಂದ ಆರನೇ ತಿಂಗಳಲ್ಲಿ ಕ್ಲೀನಿಂಗ್ ಮಾಡಿಸಲು ಯಾವ ಅಂಜಿಕೆಯೂ ಬೇಡ. ತಾಯಿ ಕಾರ್ಡ್ ನೋಡುವಾಗ ಬಾಯಿಯನ್ನೂ ಒಂದು ಸಲ ನೋಡಿ.

ಜೂನ್ 18, ಮಂಗಳವಾರ

ಮೊನ್ನೆ ಭಾನುವಾರ, ನಿನ್ನೆ ಬಕ್ರೀದ್ ರಜೆ. ಇವತ್ತು ಓಪಿಡಿ ತೆರೆಯುವ ಮುಂಚೆಯೇ ಬಾಗಿಲಲ್ಲಿ ತಾಯಿ, ಮಗ. ಮಗನಿಗೆ ಇಪ್ಪತ್ತೇಳು, ಟ್ರ್ಯಾಕ್ಟರ್ ಓಡಿಸುವ ಹುಡುಗ. ಗದ್ದದ ಕೆಳಗೆ ಟವೆಲ್ ಒತ್ತಿಕೊಂಡಿದ್ದ, ಜೊಲ್ಲು ನಿಲ್ಲದೆ ಸುರಿಯುತ್ತಿತ್ತು. ಮಾತೆಲ್ಲ ತಾಯಿಯದೇ.

"ಬುದ್ಧಿಹಲ್ಲು ಬರ್ತಾ ಐತೆ, ಅದ್ಕೇ ವಸಡು ಊದ್ಕೊಂಡೈತೆ ಅಂದ್ಕೊಂಡ್ವಿ. ಮೆಡಿಕಲ್‌ನಲ್ಲಿ ಮಾತ್ರೆ ತಂದ್ಕೊಟ್ಟೆ. ಎರಡು ದಿನ ವಾಸಿ ಅನ್ನಿಸ್ತು."

ದವಡೆಯ ಕೆಳಗೆ ಎರಡೂ ಕಡೆ ಒತ್ತಿದೆ. ಬೆರಳು ತಗ್ಗಲಿಲ್ಲ, ಅಷ್ಟು ಬಿರುಸು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಟಾರ್ಚು ಬಿಟ್ಟು ನೋಡಿದರೆ ನಾಲಿಗೆ ಮೇಲೆದ್ದು ಅಂಗುಳಿಗೆ ತಾಗಿಕೊಂಡಿದೆ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದ್ದೇ ತಡ, ಹುಡುಗ ಗಾಬರಿಯಾಗಿ ಎದ್ದು ಕೂತ. ಮಲಗಿದರೆ ಉಸಿರು ಕಟ್ಟುತ್ತದೆ.

ಲುಡ್ವಿಗ್ಸ್ ಆಂಜೈನ. ಪುಸ್ತಕದಲ್ಲಿ ಓದಿದ್ದಷ್ಟೇ ಆಗಿದ್ದರೆ ಚೆನ್ನಾಗಿರುತ್ತಿತ್ತು.

ಡ್ಯೂಟಿ ಡಾಕ್ಟರ್ ಓಡಿ ಬಂದರು. ಕೂರಿಸಿಯೇ ಆಕ್ಸಿಜನ್, ಡ್ರಿಪ್, ರಕ್ತನಾಳಕ್ಕೇ ಆ್ಯಂಟಿಬಯೋಟಿಕ್. 108ಕ್ಕೆ ಫೋನು. ಜಿಲ್ಲಾ ಕೇಂದ್ರದ ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿದೆವು, ಏಕೆಂದರೆ ಇಂಥವರಿಗೆ ಕೀವು ತೆಗೆಯುವುದು ಎರಡನೆಯ ಕೆಲಸ, ಉಸಿರಿನ ದಾರಿ ಉಳಿಸುವುದು ಮೊದಲನೆಯದು. ಆ್ಯಂಬುಲೆನ್ಸಿನಲ್ಲಿ ಯಾವ ಕಾರಣಕ್ಕೂ ಮಲಗಿಸಬೇಡಿ ಎಂದು ತಾಯಿಗೂ ಡ್ರೈವರಿಗೂ ಬೇರೆಬೇರೆಯಾಗಿ ಹೇಳಿದೆ. ಡ್ಯೂಟಿ ಡಾಕ್ಟರೇ ಜೊತೆಗೆ ಹತ್ತಿಕೊಂಡರು. ಒಳ್ಳೆಯ ಡಾಕ್ಟರ್, ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ.

ಹತ್ತುವ ಮುಂಚೆ ತಾಯಿ ನನ್ನ ಕೈ ಹಿಡಿದು ಕೇಳಿದರು: "ಹಲ್ಲುನೋವಿಗೆ ಯಾರಾದ್ರೂ ಸಾಯ್ತಾರಾ ಮೇಡಂ?"

ಅದೇ ದಿನ, ರಾತ್ರಿ

ನಿದ್ದೆ ಇಲ್ಲ. ಬರೆದಿಡುತ್ತೇನೆ.

ಅರ್ಧ ಹುಟ್ಟಿದ ಬುದ್ಧಿಹಲ್ಲಿನ ಮೇಲೆ ವಸಡಿನ ತುಣುಕೊಂದು ಮುಚ್ಚಿಕೊಂಡಿರುತ್ತದೆ. ಅದರಡಿ ಅನ್ನದ ಅಗುಳು, ಕಾಳಿನ ಚೂರು ಸೇರಿ ಕೊಳೆಯುತ್ತವೆ. ಬ್ರಷ್ ಅಲ್ಲಿಗೆ ತಲುಪುವುದೇ ಇಲ್ಲ. ಊದಿದ ವಸಡನ್ನು ಮೇಲಿನ ಹಲ್ಲು ಕಚ್ಚುತ್ತದೆ, ಇನ್ನಷ್ಟು ಊದುತ್ತದೆ. ಹೆಚ್ಚಿನವರಲ್ಲಿ ತೊಳೆದು ಸ್ವಚ್ಛ ಮಾಡಿದರೆ, ಬೇಕಾದರೆ ಹಲ್ಲು ತೆಗೆದರೆ ಮುಗಿಯಿತು. ಆದರೆ ಕೆಳದವಡೆಯ ಕೊನೆಯ ಎರಡು ದವಡೆಹಲ್ಲುಗಳ ಬೇರು ಬಾಯಿಯ ತಳವನ್ನು ಹಿಡಿದಿರುವ ಸ್ನಾಯುವಿಗಿಂತ ಕೆಳಕ್ಕೆ ಇಳಿದಿರುತ್ತದೆ. ಅಲ್ಲಿ ಸೋಂಕು ದಾಟಿತೆಂದರೆ ನೇರ ಕುತ್ತಿಗೆಗೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಿ, ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳುತ್ತದೆ. ಒಂದೆರಡು ದಿನದಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ. ಜರ್ಮನಿಯ ಸ್ಟುಟ್‌ಗಾರ್ಟಿನ ವೈದ್ಯ ವಿಲ್ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ ಇದನ್ನು 1836ರಲ್ಲೇ ವಿವರಿಸಿ ಬರೆದ. ಆ್ಯಂಟಿಬಯೋಟಿಕ್ ಬರುವ ಮುಂಚೆ ಅರ್ಧಕ್ಕಿಂತ ಹೆಚ್ಚು ರೋಗಿಗಳು ಸಾಯುತ್ತಿದ್ದರು.

ಆ್ಯಂಟಿಬಯೋಟಿಕ್ ಬಂದಮೇಲೆ ನಮಗೆ ಬೇರೊಂದು ಕಷ್ಟ ಬಂದಿದೆ. ಅಂಗಡಿಯಲ್ಲಿ ನಾಲ್ಕು ಮಾತ್ರೆ, ಜೊತೆಗೆ ನೋವಿನ ಮಾತ್ರೆ. ನೋವು ಅಡಗುತ್ತದೆ, ಕೆಲಸಕ್ಕೆ ಹೋಗುತ್ತಾರೆ. ಸೋಂಕಿನ ಬೇರು ಹಲ್ಲಿನ ಬುಡದಲ್ಲಿ ಹಾಗೇ ಇದೆ. ಬ್ಯಾಕ್ಟೀರಿಯಾ ಪದರ ಕಟ್ಟಿಕೊಂಡು ಕೂತ ಕಡೆಗೆ ಮಾತ್ರೆ ಸರಿಯಾಗಿ ಒಳಹೋಗುವುದೇ ಇಲ್ಲ, ಕೈಯಿಂದ ಕೆರೆದು ತೆಗೆಯಬೇಕು, ಕೀವಿದ್ದರೆ ದಾರಿ ಮಾಡಿ ಹೊರಬಿಡಬೇಕು. ಇದನ್ನು ಯಾವ ಮಾತ್ರೆಯೂ ಮಾಡುವುದಿಲ್ಲ.

ನುಂಗಲು ಕಷ್ಟ, ಬಾಯಿ ತೆರೆಯಲು ಕಷ್ಟ, ಗದ್ದದ ಕೆಳಗೆ ಬಿರುಸು, ಮಲಗಿದರೆ ಉಸಿರಿಗೆ ಕಷ್ಟ. ಇದರಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬಾರದು, ರಜೆಯೆಂದು ನೋಡಬಾರದು, ಎಮರ್ಜೆನ್ಸಿ ಬಾಗಿಲು ತಟ್ಟಬೇಕು. ಆಶಾ ಅವರಿಗೆ ಮುಂದಿನ ಸಭೆಯಲ್ಲಿ ಹೇಳಬೇಕಾದ್ದು ಇದು.

ಜೂನ್ 20

ಜಿಲ್ಲಾ ಕೇಂದ್ರದಿಂದ ಟ್ರ್ಯಾಕ್ಟರ್ ಹುಡುಗನ ಬಗ್ಗೆ ಫೋನು ಬಂತು. ಗದ್ದದ ಕೆಳಗೆ ಎರಡು ಕಡೆ ಕೊಯ್ದು ಡ್ರೈನ್ ಇಟ್ಟಿದ್ದಾರೆ. ಬಂದ ಕೀವು ಸ್ವಲ್ಪವೇ, ಈ ರೋಗದಲ್ಲಿ ಹಾಗೆಯೇ. ಒಳಗಿನ ಒತ್ತಡ ಇಳಿದರೆ ಸಾಕು. ಹಲ್ಲೂ ತೆಗೆದಿದ್ದಾರೆ. ಕುತ್ತಿಗೆಯಲ್ಲಿ ಟ್ಯೂಬು, ಐಸಿಯು.

ಜೂನ್ 24

ಟ್ಯೂಬ್ ತೆಗೆದರಂತೆ. ತಾಯಿಯ ಫೋನಿನಲ್ಲಿ ಅವನೇ ಮಾತಾಡಿದ, "ಮೇಡಂ" ಎಂದಷ್ಟೇ. ಸಾಕು.

ಜೂನ್ 26, ಬುಧವಾರ

ಹೂವಿನವರಿಗೆ ಕೊನೆಯ ಭಾಗದ ಆಳದ ಕ್ಲೀನಿಂಗ್ ಮುಗಿಸಿದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗೆ ಬೇರಿನ ಮೇಲೆ ಅಂಟಿದ ಕಪ್ಪು ಕಿಟ್ಟವನ್ನು ಕ್ಯುರೆಟ್ಟಿನಿಂದ ಎಳೆದು ತೆಗೆಯುವ ಕೆಲಸ. ಕಣ್ಣಿಗೆ ಕಾಣುವುದಿಲ್ಲ, ಉಪಕರಣದ ತುದಿಯಲ್ಲಿ ಬರುವ ಗರಗರ ನಯವಾಗುವವರೆಗೆ ಬಿಡಬಾರದು. ನಡುವೆ ಕರೆಂಟು ಹೋಯಿತು, ಕಿಟಕಿಯ ಬೆಳಕಿನಲ್ಲಿ ಮುಂದುವರಿಸಿದೆ. ನನಗೆ ಈ ಕೆಲಸ ಇಷ್ಟ. ಕಾಲೇಜಿನಲ್ಲಿ ಎಲ್ಲರಿಗೂ ಇಂಪ್ಲಾಂಟ್, ಕ್ಲಿಪ್ಪು ಬೇಕಿತ್ತು, ನಾನು ಕಿಟ್ಟ ಕೆರೆಯುವುದರಲ್ಲೇ ಉಳಿದೆ.

"ಕ್ಲೀನ್ ಮಾಡ್ದ್ಮೇಲೆ ಹಲ್ಲು ಇನ್ನೂ ಅಲ್ಲಾಡ್ತವಲ್ಲಾ, ನಮ್ಮ ಬೀದಿಯೋರು ಹೇಳಿದ್ರು ಕ್ಲೀನ್ ಮಾಡ್ಸುದ್ರೆ ಹಲ್ಲು ಸಡ್ಲ ಆಯ್ತವೆ ಅಂತ." ಎಕ್ಸ್‌ರೇ ತೋರಿಸಿದೆ. ಎಲುಬು ಬೇರಿನ ಅರ್ಧಕ್ಕೂ ಕೆಳಗೆ ಹೋಗಿದೆ. ಇಷ್ಟು ದಿನ ಕಿಟ್ಟವೇ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿತ್ತು, ಅಲ್ಲಾಟ ಮುಂಚೆಯೇ ಇತ್ತು ಎಂದು ಬೆರಳಿಟ್ಟು ತೋರಿಸಿ ವಿವರಿಸಿದೆ. ಕೇಳಿಸಿಕೊಂಡು, ಸ್ವಲ್ಪ ಹೊತ್ತು ಎಕ್ಸ್‌ರೇಯನ್ನೇ ನೋಡಿದರು. ಕೆಳಗಿನ ಎರಡು ಮುಂಬಲ್ಲು ಉಳಿಯುವುದಿಲ್ಲ, ಅದನ್ನೂ ಮುಚ್ಚಿಡದೆ ಹೇಳಿದೆ.

ಜುಲೈ 4

ಹಾಸ್ಟೆಲಿನಿಂದ ಡಿಗ್ರಿ ಓದುವ ಹುಡುಗ. ಪರೀಕ್ಷೆ, ನಿದ್ದೆ ಇಲ್ಲ, ಊಟ ಸರಿ ಇಲ್ಲ, ದಿನಕ್ಕೊಂದು ಪ್ಯಾಕು ಸಿಗರೇಟು. ಕೋಣೆಯೊಳಗೆ ಬರುತ್ತಿದ್ದಂತೆ ವಾಸನೆಯಿಂದಲೇ ಗೊತ್ತಾಯಿತು. ಹಲ್ಲುಗಳ ನಡುವಿನ ವಸಡಿನ ತುದಿಗಳು ಕೊರೆದು ತೆಗೆದಂತೆ ಮಾಯವಾಗಿ, ಮೇಲೆ ಬೂದುಬಣ್ಣದ ಪೊರೆ. ವಸಡಿನ ಹೆಚ್ಚಿನ ರೋಗಗಳಂತೆ ಈ ಬಗೆ ಸುಮ್ಮನಿರುವುದಿಲ್ಲ, ತಡೆಯಲಾರದಷ್ಟು ನೋಯುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಗುಂಪುಗುಂಪಾಗಿ ಹಿಡಿದದ್ದು ಇದೇ.

ಇದಕ್ಕೆ ಕೊಡುವ ಮೆಟ್ರೊನಿಡಜೋಲಿನ ಕಥೆ ನನಗೆ ಯಾವತ್ತೂ ಬೇಸರ ತರಿಸಿಲ್ಲ. ಅದು ಮೊದಲು ಹೆಂಗಸರ ಟ್ರೈಕೊಮೊನಾಸ್ ಸೋಂಕಿಗೆಂದು ಬಂದ ಔಷಧ. ಹಾಗೆ ಮಾತ್ರೆ ತೆಗೆದುಕೊಂಡ ಒಬ್ಬ ರೋಗಿ, ತನ್ನ ವಸಡಿನ ಹುಣ್ಣೂ ಜೊತೆಗೇ ವಾಸಿಯಾಯಿತು ಅಂದಳು. ಅದನ್ನು ಶಿನ್ ಎಂಬಾತ 1962ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳ ಮೇಲೆ ಈ ಔಷಧದ ಬಲ ಗೊತ್ತಾಗಲು ಶುರುವಾದದ್ದು ಅಲ್ಲಿಂದ. ಇವತ್ತು ಹೊಟ್ಟೆಯ ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯಲ್ಲೂ ಅದರ ಬಾಟಲಿ ತೂಗುತ್ತಿರುತ್ತದೆ. ರೋಗಿಯ ಮಾತನ್ನು ಯಾರೋ ಒಬ್ಬರು ಕಿವಿಗೊಟ್ಟು ಕೇಳಿದ್ದರು.

ಹುಡುಗನಿಗೆ ಮೆತ್ತಗೆ ಪೊರೆ ಒರೆಸಿ, ಮಾತ್ರೆ, ಬಾಯಿ ಮುಕ್ಕಳಿಸುವ ಔಷಧ. ಮಾತ್ರೆ ಮುಗಿಯುವವರೆಗೆ ಮದ್ಯ ಕುಡಿಯಬಾರದೆಂದು ಎಚ್ಚರಿಸಿದೆ. ಎಚ್‌ಐವಿ ಟೆಸ್ಟಿಗೂ ಬರೆದೆ, ಈ ವಯಸ್ಸಿನಲ್ಲಿ ಇದು ಕಂಡರೆ ನೋಡಲೇಬೇಕು, ಹೆದರಬೇಡ ಎಂದು ಕೂರಿಸಿ ಹೇಳಿದೆ.

ಜುಲೈ 6

ಹಾಸ್ಟೆಲ್ ಹುಡುಗನ ರಿಪೋರ್ಟ್ ನೆಗೆಟಿವ್. ನೋವು ಇಳಿದಿದೆ. ಸೋಮವಾರದಿಂದ ಸ್ಕೇಲಿಂಗ್.

ಜುಲೈ 21, ಭಾನುವಾರ

ಮಾವನವರ ಜೊತೆ ಊಟದ ಹೊತ್ತಲ್ಲಿ ಚರ್ಚೆ. "ನಮ್ಮ ತಾತ ಬೇವಿನ ಕಡ್ಡೀಲೇ ಉಜ್ಜಿದ್ದು, ಸಾಯೋವರೆಗೂ ಕಬ್ಬು ಸಿಗೀತಿದ್ರು" ಅಂದರು. ಹೀಗೆ ಹೇಳದ ಮನೆಯೇ ಇಲ್ಲ, ಅವರ ತಾತ ಸಿಗಿದದ್ದೂ ನಿಜವೇ.

ಇದಕ್ಕೆ ಉತ್ತರ ಶ್ರೀಲಂಕಾದ ಟೀ ತೋಟಗಳಲ್ಲಿದೆ. ಅದೇ ಹಾರಲ್ಡ್ ಲೋ ತಂಡ 1970ರಿಂದ 1985ರವರೆಗೆ 480 ತಮಿಳು ಕೂಲಿ ಕಾರ್ಮಿಕರ ವಸಡನ್ನು ನೋಡುತ್ತಾ ಹೋಯಿತು. ದಂತವೈದ್ಯರ ಮುಖ ಕಂಡವರಲ್ಲ ಅವರು, ಎಲ್ಲರ ಬಾಯಲ್ಲೂ ಕಿಟ್ಟ, ಊದಿದ ವಸಡು. ಆದರೂ ಶೇ. 11 ಜನರಲ್ಲಿ ರೋಗ ವಸಡಿನಾಚೆ ದಾಟಲಿಲ್ಲ. ಶೇ. 81 ಜನರಲ್ಲಿ ಮಧ್ಯಮ ವೇಗ. ಶೇ. 8 ಜನರಲ್ಲಿ ಅತಿ ವೇಗ. ಮೂವತ್ತೈದನೇ ವಯಸ್ಸಿಗೆ ಮೊದಲ ಗುಂಪಿನವರ ಹಲ್ಲಿನ ಹಿಡಿತ ಒಂದು ಮಿಲಿಮೀಟರಿನಷ್ಟೂ ಕಳಚಿರಲಿಲ್ಲ, ನಡುವಿನವರದು ಸುಮಾರು ನಾಲ್ಕು, ಕೊನೆಯವರದು ಒಂಬತ್ತು. ತಾತ ಆ ಹನ್ನೊಂದರಲ್ಲಿ ಒಬ್ಬರಿರಬಹುದು. ಅಮ್ಮ ಆ ಎಂಟರಲ್ಲಿದ್ದರೇನೋ. ನಾವು ಯಾವ ಗುಂಪು ಎಂದು ಕನ್ನಡಿ ನೋಡಿ ಹೇಳಲಾಗುವುದಿಲ್ಲ, ಪ್ರೋಬ್ ಇಳಿಸಿಯೇ ನೋಡಬೇಕು.

ಮಾವ ಕೊನೆಗೆ, "ಹಾಗಾದ್ರೆ ನಂದೂ ನೋಡು" ಅಂದರು. ನೋಡಿದೆ. ಬಿ.ಪಿ.ಗೆ ತಿನ್ನುವ ಆಮ್ಲೊಡಿಪಿನ್ ಮಾತ್ರೆಯಿಂದ ವಸಡು ದಪ್ಪಗಾಗಿ ಹಲ್ಲಿನ ಮೇಲೆ ಏರಿದೆ. ಕೆಲವರಲ್ಲಿ ಹೀಗಾಗುತ್ತದೆ. ತಾವಾಗಿ ಮಾತ್ರೆ ನಿಲ್ಲಿಸಬಾರದು, ಫಿಜಿಷಿಯನ್ನರ ಹತ್ತಿರ ಮಾತಾಡುತ್ತೇನೆ ಅಂದೆ.

ಈ ವಸಡಿನ ವಿಷಯ ನಮ್ಮಲ್ಲಿ ಹೊಸದೂ ಅಲ್ಲ. ಬಾಯಿಯ ರೋಗ 65 ಎಂದು ಎಣಿಸಿದ ಸುಶ್ರುತ, ಅದರಲ್ಲಿ ಹಲ್ಲಿಗೆ 8, ವಸಡಿಗೆ 15 ಕೊಟ್ಟಿದ್ದಾನೆ. ತಾನಾಗಿ ರಕ್ತ ಒಸರುವ, ಮೆತ್ತಗಾಗಿ ಕೊಳೆಯುವ ವಸಡಿಗೆ ಶೀತಾದ ಎಂದ. ಹಲ್ಲಿಗಿಂತ ವಸಡಿನ ಕಡೆ ಹೆಚ್ಚು ನೋಡಿದ್ದ.

ಆಗಸ್ಟ್ 16, ಶುಕ್ರವಾರ

ವರಮಹಾಲಕ್ಷ್ಮಿ. ಈ ವಾರ ಹೂವಿನವರು ಬರಬೇಕಿತ್ತು, ಬರಲಿಲ್ಲ, ಬರುವುದೂ ಸಾಧ್ಯವಿರಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಹೋದಾಗ ಕಂಡರು. ದಾರ ಕತ್ತರಿಸಲು ಕತ್ತರಿ ಇಟ್ಟುಕೊಂಡಿದ್ದಾರೆ. "ದಿನಾ ಎಲ್ಡು ಹೊತ್ತು ಉಜ್ತಿದೀನಿ, ರಕ್ತ ನಿಂತೈತೆ" ಎಂದು ಗಿರಾಕಿಗಳ ಎದುರೇ ಕೂಗಿ ಹೇಳಿದರು. ಪಕ್ಕದ ಅಂಗಡಿಯ ಹೆಂಗಸು ತನ್ನ ವಸಡನ್ನೂ ಅಲ್ಲೇ ಎತ್ತಿ ತೋರಿಸಿದಳು.

ಸೆಪ್ಟೆಂಬರ್ 19, ಗುರುವಾರ

ಹೂವಿನವರ ವಸಡಿನ ಮರುಅಳತೆ. ಎಂಟಿದ್ದದ್ದು ಐದು, ಏಳಿದ್ದದ್ದು ನಾಲ್ಕು. ಹಲವು ಕಡೆ ಮೂರು. ಒತ್ತಿದರೆ ಕೀವಿಲ್ಲ. ಕೆಳಗಿನ ಎರಡು ಮುಂಬಲ್ಲು ತೆಗೆದಿದ್ದಾಗಿದೆ, ಉಳಿದವು ನಿಂತಿವೆ. ಮೂರು ತಿಂಗಳ ಶುಗರ್ 8.7. ಮಾತ್ರೆ ಬದಲಾಗಿಲ್ಲ. ಒಬ್ಬರ ಅಂಕಿಯಿಂದ ಏನನ್ನೂ ಸಾಧಿಸಿ ತೋರಿಸಲಾಗದು, ಊಟ ತಿಂಡಿ ಬದಲಾಗಿರಬಹುದು. ಆದರೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ವಸಡಿನ ಚಿಕಿತ್ಸೆಯಾದ ಮೂರು-ನಾಲ್ಕು ತಿಂಗಳಲ್ಲಿ ಸರಾಸರಿ 0.4ರಷ್ಟು ಇಳಿದದ್ದು ಕಂಡಿದೆ. ಶುಗರ್ ಏರಿದರೆ ವಸಡು ಕೆಡುತ್ತದೆ, ವಸಡಿನ ಉರಿಯೂತ ಶುಗರನ್ನು ಏರಿಸುತ್ತದೆ. ವಸಡಿನ ರೋಗವನ್ನು ಸಕ್ಕರೆ ಕಾಯಿಲೆಯ ಆರನೆಯ ತೊಡಕು ಎಂದು ಲೋ 1993ರಲ್ಲೇ ಬರೆದ. ನಮ್ಮ ಶುಗರ್ ಕಾರ್ಡಿನಲ್ಲಿ ಅದಕ್ಕೆ ಇನ್ನೂ ಒಂದು ಗೆರೆಯ ಜಾಗವಿಲ್ಲ.

ಹಲ್ಲೆಲ್ಲ ಹೋದ ಬಡ ಹಿರಿಯರಿಗೆ ದಂತ ಭಾಗ್ಯದಲ್ಲಿ ಸರ್ಕಾರ ಉಚಿತವಾಗಿ ಹಲ್ಲಿನ ಸೆಟ್ ಕೊಡುತ್ತದೆ. ಒಳ್ಳೆಯ ಯೋಜನೆ, ಸೆಟ್ ಹಾಕಿಕೊಂಡು ಮುದ್ದೆ ಬಿಟ್ಟು ರೊಟ್ಟಿ ತಿಂದ ಅಜ್ಜನ ಮುಖ ನೋಡಿದ್ದೇನೆ. ಆದರೆ ಇರುವ ಹಲ್ಲನ್ನು ಉಳಿಸಲು ಅಷ್ಟೇ ಮನಸ್ಸಿಟ್ಟು ಖರ್ಚು ಮಾಡಿದರೆ ಸೆಟ್ ಬೇಕಾಗುವವರೇ ಕಡಿಮೆಯಾಗುತ್ತಾರೆ. ಸ್ಕೇಲರ್ ತುದಿಗೆ ನಾನು ಹಾಕಿದ ಇಂಡೆಂಟ್ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ.

ಟ್ರ್ಯಾಕ್ಟರ್ ಹುಡುಗನೂ ಬಂದಿದ್ದ. ಗದ್ದದ ಕೆಳಗಿನ ಗಾಯ ಮಾಗಿದೆ. ಇನ್ನೊಂದು ಕಡೆಯ ಬುದ್ಧಿಹಲ್ಲೂ ಅರ್ಧ ಹುಟ್ಟಿ ನಿಂತಿತ್ತು, ಊತವಿಲ್ಲದಾಗಲೇ ತೆಗೆಸಲು ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟೆ. ತಾಯಿ ಜೊತೆಗೆ ಊರಿನ ಇಬ್ಬರನ್ನು ಕರೆತಂದಿದ್ದರು, ಇಬ್ಬರಿಗೂ ಕೀವು.

ಮಧ್ಯಾಹ್ನ ಫಿಜಿಷಿಯನ್ ಜೊತೆ ಕೂತು ಮಾತು ಮುಗಿಸಿದೆ. ಮುಂದಿನ ಬುಧವಾರದಿಂದ ಶುಗರ್ ಚೀಟಿ ಹಿಡಿದು ಬಂದವರೆಲ್ಲ ಔಷಧಿ ಕೌಂಟರಿಗೆ ಹೋಗುವ ಮುಂಚೆ ನನ್ನ ಕೋಣೆಗೆ ಬಂದು ಹೋಗಬೇಕು. ಒಬ್ಬರಿಗೆ ಎರಡು ನಿಮಿಷ ಸಾಕು. ಈಗಿರುವ ಪ್ರೋಬ್‌ಗಳು ಸಾಲುವುದಿಲ್ಲ, ಒಂದು ಸರ್ತಿ ಸ್ಟೆರಿಲೈಸರಿಗೆ ಹಾಕುವಷ್ಟಾದರೂ ಬೇಕು. ನಾಳೆ ಬೆಳಗ್ಗೆಯೇ ಸ್ಟೋರಿನವರನ್ನು ಕೇಳಬೇಕು.